ಅಷ್ಟಗ್ರಹಗಳು ಮತ್ತು ಒಂದು ಕತ್ತು

ಆಕಾಶ ನೋಡುವುದಕ್ಕೆ ಬೇಕಾದ ಮೊದಲ ಉಪಕರಣ ದುರ್ಬೀನು ಎಂದು ಬಹಳ ಜನ ನಂಬಿದ್ದಾರೆ. ಅದು ಶುದ್ಧ ತಪ್ಪು. ಮೊದಲ ಉಪಕರಣ ಕತ್ತು. ದುರ್ಬೀನಿಲ್ಲದೆ ಆಕಾಶವನ್ನು ನೋಡಿ ತೃಪ್ತರಾದವರು ಲೆಕ್ಕವಿಲ್ಲದಷ್ಟು ಇದ್ದಾರೆ. ಕತ್ತಿಲ್ಲದೆಯೂ ಆಕಾಶದ ಸಹವಾಸ ಇಟ್ಟುಕೊಂಡವರು ನಮ್ಮ ಪುರಾಣದ ರಾಹುಕೇತುಗಳಿಬ್ಬರೇ, ಅವರ ಸಮಾಚಾರ ಮುಂದೆ ಬರುತ್ತದೆ. ಈ ಸತ್ಯ ನನಗೆ ಹೊಳೆದದ್ದು ಅಹಮದಾಬಾದಿನಲ್ಲಿ. ಆ ಊರಿನಲ್ಲಿ ಸಂಕ್ರಾಂತಿಯ ದಿನ ಆಬಾಲವೃದ್ಧರೂ ತಾರಸಿ ಹತ್ತಿ, ಬೆಳಗಿನಿಂದ ಕತ್ತಲಾಗುವವರೆಗೆ ಗಾಳಿಪಟ ಹಾರಿಸುತ್ತ, ಮುಖವನ್ನು ಮುಗಿಲಿಗೆ ಒಪ್ಪಿಸಿಬಿಡುತ್ತಾರೆ. ಮರುದಿನ ಕಚೇರಿಗೆ ಹೋದರೆ ಹಿರಿಯ ಅಧಿಕಾರಿಯಿಂದ ಹಿಡಿದು ಚಹಾ ತರುವವನವರೆಗೆ ಒಬ್ಬರ ಕತ್ತೂ ನೆಟ್ಟಗಿರುವುದಿಲ್ಲ. ಯಾರನ್ನು ಕರೆದರೂ ಮೈಯನ್ನೇ ಇಡಿಯಾಗಿ ತಿರುಗಿಸಿ ನೋಡುತ್ತಾರೆ. ಕಚೇರಿಯ ಸಮಸ್ತರೂ ಹೀಗೆ ಗಂಭೀರವಾಗಿ ತಿರುಗುವುದನ್ನು ಕಂಡು, ಆ ಊರಿಗೆ ಹೊಸಬನಾದ ನಾನು ಮೊದಲ ವರ್ಷ ಇದು ನನಗೆ ತೋರಿಸುತ್ತಿರುವ ಗೌರವವೆಂದೇ ಭಾವಿಸಿದ್ದೆ.

ನನ್ನದು ವಿಮಾ ಕಚೇರಿಯ ನೌಕರಿ. ಮೈಸೂರು ಸೀಮೆಯಿಂದ ಹೊರಟವನನ್ನು ವರ್ಗಾವಣೆಯ ಗಾಳಿ ಮೊದಲು ವಡೋದರಾಕ್ಕೂ ಅಲ್ಲಿಂದ ಸೂರತ್ತಿಗೂ ಕೊನೆಗೆ ಅಹಮದಾಬಾದಿಗೂ ತಂದು ಹಾಕಿತ್ತು. ಮಣಿನಗರದಲ್ಲಿ ಹಸಮುಖಭಾಯಿ ಎಂಬ ಜವಳಿ ವ್ಯಾಪಾರಿಯ ಮನೆಯ ಮೇಲಿನ ಅಂತಸ್ತಿನಲ್ಲಿ ನಮ್ಮ ಬಿಡಾರ: ನಾನು, ನನ್ನ ಹೆಂಡತಿ ಕಮಲ, ಎಂಟು ವರ್ಷದ ಮಗಳು ಮಾಲತಿ. ಮಾಲು ನಮ್ಮ ಕಡೆಯ ರೂಢಿಯಂತೆ ತಂದೆಯನ್ನು ಅಣ್ಣ ಎಂದು ಕರೆಯುತ್ತಿದ್ದಳಾದರೂ, ಅದರ ಮುಂದಿನ ವಾಕ್ಯ ಯಾವ ಭಾಷೆಯಲ್ಲಿ ಮುಗಿಯುವುದೆಂದು ಅವಳಿಗೇ ಗೊತ್ತಿರುತ್ತಿರಲಿಲ್ಲ. ಗಾಳಿಪಟಕ್ಕೆ ಅವಳು ಪತಂಗ್ ಎನ್ನುತ್ತಿದ್ದಳು, ತಾರಸಿಗೆ ಅಗಾಸಿ ಎನ್ನುತ್ತಿದ್ದಳು. ಕಾಲಕ್ರಮದಲ್ಲಿ ನಾವೂ ಅಗಾಸಿ ಎನ್ನತೊಡಗಿದೆವು.

ಆ ಅಗಾಸಿಯೇ ನಮ್ಮ ವೇಧಶಾಲೆ. ಅದರ ಪ್ರಧಾನ ಯಂತ್ರವನ್ನು ನಾನೇ ನಿರ್ಮಿಸಿದೆ ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಈಗಲೂ ಹೆಮ್ಮೆ ಇದೆ. ಹಸಮುಖಭಾಯಿಯ ಅಂಗಡಿಯಲ್ಲಿ ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆ ಒಂದು, ಅದರೊಳಗೆ ಜಾರುವ ಸಣ್ಣ ಕೊಳವೆ ಇನ್ನೊಂದು. ಮುಂದುಗಡೆ ಕನ್ನಡಕದ ಅಂಗಡಿಯವನು, ಯಾವುದೋ ಮುದುಕರಿಗೆಂದು ತರಿಸಿ ಅವರು ಬಾರದೇ ಹೋದದ್ದರಿಂದ, ನನಗೆ ದಾಟಿಸಿದ ಗಾಜು. ಹಿಂದುಗಡೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜು. ಒಳಮೈಗೆ ದೀಪದ ಮಸಿ. ಇಡೀ ಯಂತ್ರವನ್ನು ಬಟ್ಟೆ ಒಣಹಾಕುವ ಕಂಬಕ್ಕೆ ಬಿಗಿದದ್ದು ಗಾಳಿಪಟದ ಮಾಂಜಾ ದಾರದಿಂದ. ಗಾಜಿನ ಪುಡಿ ಸವರಿದ ಆ ದಾರ ರಟ್ಟಿಗಿಂತ ಮೊದಲು ನನ್ನ ಬೆರಳನ್ನು ಕೊಯ್ದಿತು. ಇದರಲ್ಲಿ ಚಂದ್ರ ಕಾಮನಬಿಲ್ಲಿನ ಅಂಚಿನ ಸೀರೆ ಉಟ್ಟು ಕಾಣಿಸಿಕೊಳ್ಳುತ್ತಿದ್ದ. ದೀಪಾವಳಿಯ ಸುಮಾರಿಗೆ ಗುರುಗ್ರಹದ ಪಕ್ಕದಲ್ಲಿ ಸಾಲಾಗಿ ನಿಂತ ಚುಕ್ಕಿಗಳನ್ನು ಮಾಲು ತಾನೇ ಕಂಡುಹಿಡಿದಳು. ಅಂದು ತಂದೆಯ ಮೇಲೆ ಅವಳಿಗೆ ಉಂಟಾದ ಗೌರವ ಆಮೇಲೆ ಎಂದೂ ಆ ಮಟ್ಟಕ್ಕೆ ಏರಲಿಲ್ಲ.

ಏರದಿರಲು ಕಾರಣ ಅವಳ ಪ್ರಶ್ನೆಗಳು. "ಅಣ್ಣ, ಪತಂಗ್ ಮೇಲಿದ್ದಾಗ ಭೂಮಿ ತಿರುಗತ್ತಲ್ಲ, ಮತ್ತೆ ಪತಂಗ್ ರಾಜಕೋಟ್ ಮೇಲೆ ಯಾಕೆ ಹೋಗಲ್ಲ?" ಎಂದು ಕೇಳುವಳು. ಚಂದ್ರ ಬೀಳುತ್ತಿದ್ದಾನೆಯೋ ನಿಂತಿದ್ದಾನೆಯೋ, ಸೂರ್ಯನಿಗೆ ಸೌದೆ ಹಾಕುವವರು ಯಾರು, ಆಕಾಶ ಶುರುವಾಗುವುದು ಅಗಾಸಿಯಿಂದಲೋ ಇನ್ನೂ ಮೇಲಿನಿಂದಲೋ. ನಾನು ಓದಿದ ಭೌತಶಾಸ್ತ್ರ ಇಂಟರ್‌ಮೀಡಿಯೆಟ್ಟಿನಲ್ಲಿ ಪಾಸಾಗುವುದಕ್ಕೆ ಎಷ್ಟು ಬೇಕೋ ಅಷ್ಟೇ. ಗಾಳಿಯೂ ಭೂಮಿಯ ಜೊತೆಯಲ್ಲಿಯೇ ತಿರುಗುತ್ತದೆ, ರೈಲಿನೊಳಗೆ ಹಾರುವ ನೊಣ ಹಿಂದೆ ಉಳಿಯದ ಹಾಗೆ, ಎಂದು ಒಂದಕ್ಕೆ ಹೇಗೋ ಸಮಾಧಾನ ಹೇಳಿದೆ. ಮಿಕ್ಕವುಗಳಿಗೆ "ಊಟಕ್ಕೆ ಹೊತ್ತಾಯಿತು" ಎಂಬ ಸಿದ್ಧ ಉತ್ತರವಿತ್ತು.

ಹೀಗಿರುವಾಗ ಅರವತ್ತೆರಡನೆಯ ಇಸವಿ ಬಂತು. ಬರುವಾಗಲೇ ಅಷ್ಟಗ್ರಹ ಕೂಟವನ್ನು ಬೆನ್ನಿಗೆ ಕಟ್ಟಿಕೊಂಡು ಬಂತು. ಓದುಗರಲ್ಲಿ ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಫೆಬ್ರವರಿಯ ಮೊದಲ ವಾರದಲ್ಲಿ ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಇವರ ಜೊತೆಗೆ ತಲೆಯಿಲ್ಲದ ಕೇತು, ಎಂಟೂ ಮಕರರಾಶಿಯಲ್ಲಿ ಸೇರುತ್ತವೆ, ಪ್ರಳಯವಾಗುತ್ತದೆ, ಇಲ್ಲವೇ ಭೂಕಂಪ, ಯುದ್ಧ, ಸಮುದ್ರ ಉಕ್ಕುವುದು, ಇವುಗಳಲ್ಲಿ ಯಾವುದಾದರೂ ಒಂದು ಖಂಡಿತ ಎಂಬ ಸುದ್ದಿ ದೇಶವನ್ನೆಲ್ಲ ಆವರಿಸಿತ್ತು. ಬೀದಿ ಬೀದಿಗೆ ಹೋಮದ ಹೊಗೆ, ಅಖಂಡ ಭಜನೆ. ನಮ್ಮ ಕಚೇರಿಗೆ ಪಾಲಿಸಿ ಮಾಡಿಸಲು ಎಂದೂ ಇಲ್ಲದಷ್ಟು ಜನ ಬರತೊಡಗಿದರು. ಲೋಕವೇ ಮುಳುಗಿದ ಮೇಲೆ ಯಾರು ಯಾರಿಗೆ ಪರಿಹಾರ ಕೊಡಬೇಕು, ಅರ್ಜಿಗೆ ಸಾಕ್ಷಿ ಹಾಕುವವರು ಯಾರು ಎಂದು ನಾನು ತಮಾಷೆ ಮಾಡಿದರೆ ಒಬ್ಬರೂ ನಗಲಿಲ್ಲ.

ಹಸಮುಖಭಾಯಿ, ಎಂದರೆ ನಗುಮೊಗದವರು, ಎಂಬ ಹೆಸರು ಹೊತ್ತ ನಮ್ಮ ಮನೆಯ ಯಜಮಾನರಂತೂ ನಗುವುದನ್ನು ಮಾತ್ರವಲ್ಲ, ಮಾತನಾಡುವುದನ್ನೇ ಬಿಟ್ಟರು. ಗ್ರಹಗಳು ಸೇರುವ ಶನಿವಾರದ ಸಂಜೆಯಿಂದ ಚದುರುವ ಸೋಮವಾರದ ಸಂಜೆಯವರೆಗೆ ಮೌನವ್ರತ, ಹೊಸ್ತಿಲು ದಾಟದಿರುವ ವ್ರತ ಬೇರೆ. ಅವರ ಹೆಂಡತಿ ಸವಿತಾಬೆನ್ ಇಬ್ಬರ ಪಾಲಿನ ಮಾತನ್ನೂ ತಾವೇ ಆಡಿ ಸರಿದೂಗಿಸುತ್ತಿದ್ದರು. ನನಗೆ ಇವೆಲ್ಲ ಮೂಢನಂಬಿಕೆಯೆಂದು ಗೊತ್ತಿತ್ತು. ಗೊತ್ತಿತ್ತು ಎಂಬ ಮಾತನ್ನು ದಯವಿಟ್ಟು ಗಮನಿಸಿ. ಹೆದರಿಕೆಯಿರಲಿಲ್ಲ ಎಂದು ನಾನು ಹೇಳುತ್ತಿಲ್ಲ.

ಏಕೆಂದರೆ ಕಮಲ ತುಂಬಿದ ಬಸುರಿ. ಹೆರಿಗೆ ಫೆಬ್ರವರಿಯ ನಡುವೆ ಎಂದು ಡಾಕ್ಟರ್‌ಬೆನ್, ಅಂದರೆ ಆಸ್ಪತ್ರೆಯ ಡಾಕ್ಟರಮ್ಮ, ಹೇಳಿದ್ದರು. ಇದಕ್ಕೆ ಮುಂಚೆ ನಾವು ಸೂರತ್ತಿನಲ್ಲಿದ್ದಾಗ ಒಂದು ಮಗು ಹುಟ್ಟಿತ್ತು. ಹುಟ್ಟಿತ್ತು ಎನ್ನಬೇಕೋ ಬೇಡವೋ ತಿಳಿಯದು, ಅದು ಅಳಲಿಲ್ಲ. ಬಾಗಿಲ ಹೊರಗೆ ನಿಂತು ಆ ಅಳುವಿಗಾಗಿ ನಾನು ಕಾದದ್ದು, ಒಳಗೆ ಯಾರೂ ಮಾತನಾಡದೆ ಪಾತ್ರೆಯ ಸದ್ದು ಮಾತ್ರ ಕೇಳಿಸಿದ್ದು, ಇವು ನನ್ನ ಕಿವಿಯಿಂದ ಹೋಗಿರಲಿಲ್ಲ. ಈ ಸಲ ಬಾಣಂತನಕ್ಕೆ ಬರಬೇಕಾಗಿದ್ದ ಅತ್ತೆಯವರು ನಂಜನಗೂಡಿನಿಂದ ಕಾರ್ಡು ಬರೆದರು: ಅಷ್ಟಗ್ರಹ ಕಳೆಯುವತನಕ ಇಲ್ಲಿ ಯಾರೂ ಪ್ರಯಾಣ ಮಾಡುತ್ತಿಲ್ಲ, ಕಳೆದ ಮರುದಿನವೇ ಹೊರಡುತ್ತೇನೆ, ಆ ಮೂರು ದಿನದಲ್ಲಿ ಮಾತ್ರ ಏನೂ ಆಗದ ಹಾಗೆ ನೋಡಿಕೊಳ್ಳಿ. ನೋಡಿಕೊಳ್ಳುವುದು ಹೇಗೆಂದು ಅವರು ಬರೆದಿರಲಿಲ್ಲ.

ದೊಡ್ಡವರು ಹೆದರಿಕೆಯನ್ನು ಬಚ್ಚಿಡಲು ಒಂದು ಮೂಲೆ ಹುಡುಕಿಕೊಳ್ಳುತ್ತಾರೆ. ಮಕ್ಕಳು ಅದಕ್ಕೆ ಒಂದು ಏರ್ಪಾಡು ಮಾಡುತ್ತಾರೆ. ಸೂರತ್ತಿನದೆಲ್ಲ ಮಾಲುವಿಗೆ ಗೊತ್ತಿತ್ತು. ಯಾರೂ ಹೇಳದಿದ್ದರೂ ಗೊತ್ತಿತ್ತು. ಎಂಟು ಗ್ರಹಗಳು ಒಂದೇ ಕಡೆಯಿಂದ ಎಳೆದರೆ ಭೂಮಿ ವಾಲಿಕೊಳ್ಳುವುದಿಲ್ಲವೇ ಎಂಬ ಅವಳ ಪ್ರಶ್ನೆಗೆ, ಅವು ಬಹಳ ದೂರದಲ್ಲಿವೆ, ಅವುಗಳ ಎಳೆತ ನಮ್ಮವರೆಗೆ ಬರುವ ಹೊತ್ತಿಗೆ ಸೋತುಹೋಗಿರುತ್ತದೆ ಎಂದೆ. "ಮತ್ತೆ ಸೂರ್ಯನ ಎಳೆತ ಬರುತ್ತಲ್ಲ?" ಎಂದಳು. ಊಟಕ್ಕೆ ಹೊತ್ತಾಯಿತು ಎಂದೆ. ಮಾರನೆಯ ಬೆಳಿಗ್ಗೆ ನೋಡಿದರೆ ಕೋಣೆಯ ಒಂದೇ ಮಗ್ಗುಲಿಗೆ ಹಿತ್ತಾಳೆಯ ಕೊಡ, ಒರಳು, ಅವಳ ಪುಸ್ತಕಗಳು, ಎಲ್ಲವೂ ಗೋಡೆಗೆ ಒತ್ತಿಕೊಂಡು ಕುಳಿತಿದ್ದವು. ಎಂಟು ಗ್ರಹಗಳೆದುರು ಆಚೆ ಕಡೆ ರಾಹು ಒಬ್ಬನೇ ಇದ್ದಾನೆಂದು ಸವಿತಾಬೆನ್ ಹೇಳಿದ್ದರಂತೆ. ಪಾಪ, ಒಬ್ಬನಿಗೆ ಕಷ್ಟ, ಸ್ವಲ್ಪ ಭಾರ ಕೊಟ್ಟು ಸಹಾಯ ಮಾಡಬೇಕು ಎಂಬುದು ಅವಳ ವಾದ. ಅಮ್ಮನೂ ಆ ಮಗ್ಗುಲಲ್ಲಿಯೇ ಮಲಗಬೇಕೆಂದು ಹಟ ಹಿಡಿದಳು. ಕಮಲ ನಕ್ಕು ಹಾಸಿಗೆಯನ್ನು ಅಲ್ಲಿಗೆ ಎಳೆದುಕೊಂಡಳು. ಅವಳ ಕೈ ತಣ್ಣಗಿತ್ತು.

ಇಲ್ಲಿ ನನ್ನ ವೈಜ್ಞಾನಿಕ ಬುದ್ಧಿ ಚುರುಕಾಯಿತು. ಕಾಣದ ವಸ್ತುವಿಗೇ ಭಯ ಹೆಚ್ಚು. ಕಂಡುಬಿಟ್ಟರೆ ಅರ್ಧ ಇಳಿಯುತ್ತದೆ. ಎಂಟು ಗ್ರಹಗಳೂ ಒಟ್ಟಿಗೇ ಆಕಾಶದಲ್ಲಿರುವಾಗ, ದುರ್ಬೀನಿನಲ್ಲಿ ಒಂದೊಂದನ್ನೇ ಹಿಡಿದು, ಇದೋ ನೋಡು, ದೀಪಾವಳಿಯಲ್ಲಿ ನೋಡಿದ ನಿನ್ನ ಗುರು, ಪಕ್ಕದಲ್ಲಿ ಶುಕ್ರ ಎಂದು ತೋರಿಸಿಬಿಟ್ಟರೆ ಸಾಕಲ್ಲವೇ? ಮಾಲುವಿಗೆ ಮಾತ್ರವೇ ಏಕೆ, ಮನೆಯವರಿಗೆಲ್ಲ ತೋರಿಸಬಹುದು. ಭಾನುವಾರ ಸಂಜೆ ಸೂರ್ಯ ಮುಳುಗುತ್ತಲೇ ಅಗಾಸಿಗೆ ಬನ್ನಿ ಎಂದು ಎಲ್ಲರಿಗೂ ಆಹ್ವಾನ ಕೊಟ್ಟೆ. ಕಳೆದ ಕೆಲವು ವಾರಗಳಿಂದ ಸಂಜೆಯಲ್ಲಿ ಗುರುವಾಗಲಿ ಶನಿಯಾಗಲಿ ಕಾಣುತ್ತಿರಲಿಲ್ಲವೆಂಬ ಸಂಗತಿ ನನ್ನ ಗಮನದಲ್ಲಿತ್ತು; ಅದನ್ನು ಗಿರಣಿಗಳ ಚಿಮಣಿಯ ಹೊಗೆಯ ಲೆಕ್ಕಕ್ಕೆ ಬರೆದಿದ್ದೆ.

ಭಾನುವಾರ ಜನ ಬಂದರು. ನೆರೆಮನೆಯವರೂ ಬಂದರು. ಹಸಮುಖಭಾಯಿ, ಅಗಾಸಿಗೆ ಹೊಸ್ತಿಲಿಲ್ಲವೆಂದು ತೀರ್ಮಾನಿಸಿ, ಕೈಯಲ್ಲಿ ಜಪಮಾಲೆ ಹಿಡಿದು ಬಂದರು. ಕಮಲಳನ್ನು ಕುರ್ಚಿಯಲ್ಲಿ ಕೂರಿಸಿದೆವು. ಗಾಳಿಯೇ ಇರಲಿಲ್ಲ, ಸಂಕ್ರಾಂತಿಯಲ್ಲಿ ತಂತಿಗೆ ಸಿಕ್ಕಿಕೊಂಡ ಹರಕು ಗಾಳಿಪಟಗಳು ಅಲುಗದೆ ನೇತಾಡುತ್ತಿದ್ದವು. ಸೂರ್ಯ ಮುಳುಗಿದ. ನಾನು ಪಡುವಣಕ್ಕೆ ದುರ್ಬೀನು ತಿರುಗಿಸಿ, ಬಾಯಲ್ಲಿ ಭಾಷಣ ಮಾಡುತ್ತ, ಕಣ್ಣಲ್ಲಿ ಹುಡುಕಿದೆ. ಕೆಂಪು ಆರಿತು, ಬೂದುಬಣ್ಣ ಬಂತು, ಕತ್ತಲಾಯಿತು. ಪೂರ್ವದ ಕಡೆ ನಕ್ಷತ್ರಗಳು ಧಾರಾಳವಾಗಿ ಬಂದವು, ಕೃತ್ತಿಕೆ ನೆತ್ತಿಯ ಮೇಲೆ ಗೊಂಚಲಾಯಿತು. ಗ್ರಹ ಮಾತ್ರ ಒಂದೂ ಇಲ್ಲ. ಪಡುವಣದಲ್ಲಿ ಇಲ್ಲ, ನಡುವೆ ಇಲ್ಲ, ಮೂಡಣದಲ್ಲಿ ಇಲ್ಲ. ಚಂದ್ರನೂ ಇಲ್ಲ. ನನ್ನ ಭಾಷಣ ತಾನಾಗಿಯೇ ನಿಂತಿತು. ಹಸಮುಖಭಾಯಿ ನನ್ನನ್ನು ಸರಿಸಿ ದುರ್ಬೀನಿಗೆ ಕಣ್ಣಿಟ್ಟರು, ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬರಿಯ ಅಂಗೈಯನ್ನು ಮೇಲೆ ಮಾಡಿ, ಎಲ್ಲಿ ಎಂದು ಕೇಳಿದರು. ಮಾತಿನಲ್ಲಿ ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ.

"ಗ್ರಹೋ ಕ್ಯಾಂ ಗಯಾ, ಭಾಯಿ?" ಎಂದರು ಸವಿತಾಬೆನ್. ಗ್ರಹಗಳು ಎಲ್ಲಿ ಹೋದವು ಎಂಬ ಆ ಪ್ರಶ್ನೆ ಅಗಾಸಿಯ ಈ ತುದಿಯಿಂದ ಆ ತುದಿಗೆ ಹೋಯಿತು, ಪಕ್ಕದ ಅಗಾಸಿಗೂ ದಾಟಿತು. ಯಾರೋ ರಾಮನಾಮ ಶುರುಮಾಡಿದರು. ನಿಜ ಹೇಳುತ್ತೇನೆ, ಆ ಕ್ಷಣ ನನ್ನ ಇಂಟರ್‌ಮೀಡಿಯೆಟ್ಟು ಮಂಜಿನಂತೆ ಕರಗಿತು. ಇಡೀ ಆಕಾಶದಿಂದ ಎಲ್ಲ ಗ್ರಹಗಳೂ ಎದ್ದುಹೋಗಿದ್ದವು. ನಾನು ನನ್ನ ಜೀವಮಾನದಲ್ಲಿ ಅಂಥ ಆಕಾಶವನ್ನು ಕಂಡಿರಲಿಲ್ಲ.

ಮಾಲು ನನ್ನ ಅಂಗಿ ಜಗ್ಗಿದಳು. ಅವಳು ಮೇಲೆ ನೋಡುತ್ತಿರಲಿಲ್ಲ. ಕುರ್ಚಿಯ ಕಡೆ ನೋಡುತ್ತಿದ್ದಳು.

"ಅಣ್ಣ, ಅವು ಅಮ್ಮನ ಹತ್ರ ಇಳಿದು ಬಂದ್ಬಿಟ್ವಾ?"

ಕಮಲ ಕುರ್ಚಿಯ ಕೈಯನ್ನು ಹಿಡಿದು ಮುಂದಕ್ಕೆ ಬಾಗಿದ್ದಳು. ಬೆಳಗಿನಿಂದ ಸಣ್ಣಗೆ ಬರುತ್ತಿದ್ದ ನೋವನ್ನು ಯಾರಿಗೂ ಹೇಳದೆ, ಸೋಮವಾರ ಸಂಜೆಯವರೆಗೆ ಹಲ್ಲು ಕಚ್ಚಿ ತಡೆದುಬಿಡಬಹುದೆಂದು ಅವಳು ಎಣಿಸಿದ್ದಳಂತೆ. "ಇನ್ನು ಆಗಲ್ಲ ಕಣ್ರೀ" ಎಂದಳು ಅಷ್ಟೇ.

ಇಂಥ ಸಂದರ್ಭದಲ್ಲಿ ವಿಚಾರವಾದಿಯೂ ಗೃಹಸ್ಥನೂ ಆದ ಗಂಡಸು ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿದೆ. ಅಂದು ನಾನು ಅದಾವುದನ್ನೂ ಮಾಡದೆ ದುರ್ಬೀನಿನ ಕಂಬ ಹಿಡಿದು ನಿಂತುಬಿಟ್ಟೆ. ಆಸ್ಪತ್ರೆ ರೈಲುಹಳಿಯ ಆಚೆ. ಬೀದಿಯಲ್ಲಿ ರಿಕ್ಷಾ ಇರಲಿಲ್ಲ, ಕುದುರೆಗಾಡಿಯ ಸದ್ದಿರಲಿಲ್ಲ. ಊರೇ ಕದ ಹಾಕಿಕೊಂಡು ಕೂತಿತ್ತು. ನನ್ನ ಕಿವಿಯಲ್ಲಿ ಸೂರತ್ತಿನ ಪಾತ್ರೆಯ ಸದ್ದು. ಆಗ ಹಸಮುಖಭಾಯಿ ಜಪಮಾಲೆಯನ್ನು ಜೇಬಿಗೆ ತುರುಕಿ, ಹಿಂದಿನ ಸಂಜೆಯಿಂದ ಬಿಗಿದಿದ್ದ ಬಾಯಿ ತೆರೆದರು.

"ಚಾಲೋ! ಗಾಡಿ ಕಾಢು ಛು!"

ಗಾಡಿ ಹೊರಗೆ ತೆಗೆಯುತ್ತೇನೆ ಎಂದು ಕೂಗಿದವರೇ ಮೆಟ್ಟಿಲಿಳಿದು, ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತರು. ಆ ಮನುಷ್ಯ ನಿಜವಾಗಿಯೂ ಲೋಕ ಮುಳುಗುತ್ತದೆಂದು ನಂಬಿದ್ದರು. ಆ ಹಲಗೆಯ ಆಚೆ ತಮ್ಮ ಸಾವಿದೆಯೆಂದು ನಂಬಿದ್ದರು. ಕಣ್ಣು ಮುಚ್ಚಿ ಕಾಲೆತ್ತಿ ಆಚೆ ಇಟ್ಟರು. ಅವರು ಕಾರಿನ ಚಕ್ರ ಹಿಡಿದರು, ನಾನು ಪಕ್ಕದಲ್ಲಿ ಕುಳಿತೆ. ಹಿಂದೆ ಕಮಲ, ಸವಿತಾಬೆನ್, ಅಮ್ಮನ ಸೆರಗು ಬಿಡದ ಮಾಲು. ಧೈರ್ಯದ ವಿಷಯದಲ್ಲಿ ಅಂದಿನವರೆಗೆ ನನಗಿದ್ದ ಅಭಿಪ್ರಾಯಗಳನ್ನೆಲ್ಲ ಆ ಕಾರಿನಲ್ಲಿಯೇ ಇಳಿಸಿಬಿಟ್ಟೆ.

ರೈಲ್ವೆ ಗೇಟು ಮುಚ್ಚಿತ್ತು. ಕಮಲಳ ಉಸಿರನ್ನು ಕೇಳುತ್ತ, ಹಸಮುಖಭಾಯಿಯ "ಜಯ ಶ್ರೀಕೃಷ್ಣ, ಜಯ ಶ್ರೀಕೃಷ್ಣ" ಕೇಳುತ್ತ ಕಾದೆವು. ರೈಲು ಬಂತು. ಕಿಟಕಿಗಳಲ್ಲೆಲ್ಲ ದೀಪ ಉರಿಯುತ್ತಿತ್ತು, ಒಳಗೆ ಒಬ್ಬ ಮನುಷ್ಯನೂ ಇದ್ದಂತಿರಲಿಲ್ಲ. ಅತ್ತೆಯವರು ಹತ್ತದೆ ಬಿಟ್ಟಂಥ ರೈಲು. ಅಷ್ಟು ಬೆಳಕಿನ, ಅಷ್ಟು ಖಾಲಿಯ ರೈಲನ್ನು ನೋಡಿ ನನಗೆ ಆದ ಹೆದರಿಕೆ ಆಕಾಶವನ್ನು ನೋಡಿಯೂ ಆಗಿರಲಿಲ್ಲ.

ಆ ರಾತ್ರಿಯನ್ನು ವರ್ಣಿಸುವ ಶಕ್ತಿ ನನಗಿಲ್ಲ, ಇಷ್ಟವೂ ಇಲ್ಲ. ಬೆಳಗಾಗುವಾಗ ನಾವು ಇನ್ನೂ ಹೆರಿಗೆ ಕೋಣೆಯ ಮುಂದಿನ ಬೆಂಚಿನ ಮೇಲೆಯೇ ಇದ್ದೆವು. ಡಾಕ್ಟರ್‌ಬೆನ್ ಒಮ್ಮೆ ಹೊರಗೆ ಬಂದು, ತಡವಾಗುತ್ತಿದೆ, ನೋಡೋಣ ಎಂದು ಹೇಳಿ ಒಳಗೆ ಹೋಗಿದ್ದರು. ಸೂರತ್ತಿನಲ್ಲಿಯೂ ನೋಡೋಣ ಎಂದೇ ಹೇಳಿದ್ದರು. ಮಾಲು ನನ್ನ ತೊಡೆಯ ಮೇಲಿಂದ ತಲೆಯೆತ್ತಿ ಮುಚ್ಚಿದ ಬಾಗಿಲನ್ನು ನೋಡಿ, "ಅವು ಇನ್ನೂ ಒಳಗಿದಾವಾ?" ಎಂದಳು. ಆಗ ಅಂಗಳದ ಬೇವಿನ ಮರದ ಹಿಂದೆ ಸೂರ್ಯ ಮೂಡುತ್ತಿದ್ದ. ಅವನನ್ನು ನೋಡುತ್ತ ನೋಡುತ್ತ, ಯಾವ ಮಗುವಿಗಾದರೂ ಹೊಳೆಯಬೇಕಾಗಿದ್ದ ಸಂಗತಿ ನನಗೆ ಹೊಳೆಯಿತು. ಎಂಟರಲ್ಲಿ ಸೂರ್ಯನೂ ಒಬ್ಬ. ಎಲ್ಲವೂ ಅವನ ಬಳಿಯಲ್ಲಿಯೇ ಸೇರಿದ್ದರೆ ಅವನ ಜೊತೆ ಮುಳುಗುತ್ತವೆ, ಅವನ ಜೊತೆ ಮೂಡುತ್ತವೆ. ಅವನ ಬೆಳಕಿನಲ್ಲಿ ಕಾಣುವುದು ಹೇಗೆ? ಸೂರ್ಯ ಮುಳುಗಿದ ಮೇಲೆ ಅವುಗಳನ್ನು ತೋರಿಸುತ್ತೇನೆಂದು ಊರನ್ನೇ ಕರೆದಿದ್ದೆನಲ್ಲ!

"ಒಳಗಿಲ್ಲ ಮಾಲು. ಅಗೋ, ಈಗ ಬರ್ತಾ ಇವೆ. ಸೂರ್ಯನ ಸುತ್ತಲೇ ಇವೆ, ಬೆಳಕಿಗೆ ಕಾಣಲ್ಲ ಅಷ್ಟೇ."

ಅವಳು ಎದ್ದು ಕುಳಿತಳು. "ಹಾಗಾದ್ರೆ ನಿನ್ನೆ ಮಧ್ಯಾಹ್ನ?"

"ನಮ್ಮ ತಲೆಯ ಮೇಲೇ ಇದ್ದವು."

"ನಾವು ಊಟ ಮಾಡ್ತಿದ್ದಾಗ್ಲೂ? ಅಮ್ಮ ನಂಗೆ ಜಡೆ ಹಾಕ್ತಿದ್ದಾಗ್ಲೂ?"

ಆಗಲೂ. ಎಂಟೂ ಒಟ್ಟಿಗೆ, ಅನ್ನ ಸಾರಿನ ಮೇಲೆ, ಒಣಗಿದ ಬಟ್ಟೆಯ ಮೇಲೆ, ಅವಳ ಬೈತಲೆಯ ಮೇಲೆ ನಿಧಾನವಾಗಿ ದಾಟಿ ಹೋಗಿದ್ದವು. ನಾವು ಮಾತ್ರ ಅವು ಹೋದ ಮೇಲೆ ಬೆಳಕು ಆರಿಸಿಕೊಂಡು ಹುಡುಕಲು ಹೊರಟಿದ್ದೆವು. ಮಾಲುವಿನ ಮುಖ ಸಡಿಲಾಯಿತು. ಅವಳು ಬೆಂಚಿನಿಂದ ಇಳಿದು ಸೂರ್ಯನಿಗೆ ಬೆನ್ನು ಮಾಡಿ ಸವಿತಾಬೆನ್ ತಂದಿದ್ದ ಬಿಸ್ಕತ್ತು ತಿನ್ನತೊಡಗಿದಳು. ನನಗೂ ಗ್ರಹಗಳ ಭಯ ಅಲ್ಲಿಗೆ ಹೋಯಿತು. ಭಯ ಮಾತ್ರ ಹೋಗಲಿಲ್ಲ. ಹೊರಿಸಲು ಎಂಟು ಹೆಗಲುಗಳಿದ್ದವು, ಈಗ ಅವೂ ಇಲ್ಲದೆ ಅದು ಪೂರ್ತಿಯಾಗಿ ನನ್ನ ಮೇಲೆಯೇ ಕುಳಿತುಕೊಂಡಿತು. ಒಳಗೆ ಪಾತ್ರೆಯ ಸದ್ದಾಯಿತು. ಮಾತು ನಿಂತಿತು. ನಾನು ಎದ್ದು ಬಾಗಿಲಿಗೆ ಕಿವಿಯಿಟ್ಟೆ. ಏನೂ ಇಲ್ಲ. ಹಲಗೆಯ ವಾರ್ನಿಷಿನ ವಾಸನೆ ನನಗೆ ಇಂದಿಗೂ ನೆನಪಿದೆ. ಏನೂ ಇಲ್ಲ. ಆಮೇಲೆ, ಬಹಳ ಕೋಪಗೊಂಡ ಒಂದು ಸಣ್ಣ ಸದ್ದು, ನಿಂತು, ಮತ್ತೆ ಶುರುವಾಗಿ, ನಿಲ್ಲದೆ ಮುಂದುವರಿಯಿತು.

ಹೆಣ್ಣು ಮಗು. ಕಮಲ ಸುಸ್ತಾಗಿದ್ದಾಳೆ, ಚೆನ್ನಾಗಿದ್ದಾಳೆ. ಅಂಗಳದಲ್ಲಿ ಕಾರಿನೊಳಗೇ ಕುಳಿತಿದ್ದ ಹಸಮುಖಭಾಯಿಗೆ ಓಡಿಹೋಗಿ ಹೇಳಿದೆ. ಸೋಮವಾರ ಸಂಜೆಗೆ ಇನ್ನೂ ಹೊತ್ತಿದ್ದುದರಿಂದ ಅವರು ಮತ್ತೆ ಮೌನಕ್ಕೆ ಮರಳಿದ್ದರು. ಎರಡೂ ಕೈಗಳನ್ನು ಎತ್ತಿ ಮುಗಿದು, ಅದೇ ಕೈಗಳಿಂದ ಕಣ್ಣೊರೆಸಿಕೊಂಡರು.

ನರ್ಸಮ್ಮ ಮಗುವನ್ನು ನನ್ನ ಕೈಗೆ ಕೊಡುವಾಗ "ಡೋಕ ಸಂಭಾಳ್‌ಜೋ" ಎಂದು ಗದರಿದರು. ಕತ್ತು ಜೋಪಾನ. ಅದಕ್ಕೆ ಕತ್ತು ಇನ್ನೂ ನಿಂತಿರಲಿಲ್ಲ. ಅಂಗೈ ಸ್ವಲ್ಪ ಸರಿದರೆ ತಲೆ ಅತ್ತ ಇತ್ತ ವಾಲುತ್ತಿತ್ತು. ಭೂಮಿ ವಾಲುವುದೆಂದರೆ ನಂಬದಿದ್ದ ನಾನು ಅಂಗೈಯಷ್ಟು ಜಾಗದ ಆ ವಾಲುವಿಕೆಗೆ ಹೆದರಿ, ಉಸಿರು ಬಿಗಿಹಿಡಿದು, ಯಾರಾದರೂ ಕರೆದರೆ ಸಂಕ್ರಾಂತಿಯ ಮರುದಿನದ ಅಹಮದಾಬಾದಿನವರ ಹಾಗೆ ಮೈಯನ್ನೇ ಇಡಿಯಾಗಿ ತಿರುಗಿಸುತ್ತ ನಿಂತೆ. ಮಾಲು ಬಿಸ್ಕತ್ತಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ತಂಗಿಯನ್ನು ನೋಡಿದಳು.

"ಅಣ್ಣ, ಇದಕ್ಕೆ ಯಾವಾಗಿಂದ ನಕ್ಷತ್ರ ತೋರಿಸೋದು?"

"ಕತ್ತು ನಿಲ್ಲಲಿ" ಎಂದೆ.

ಅವಳು ತನ್ನ ಅಂಗೈಯನ್ನೂ ತಂದು ನನ್ನ ಅಂಗೈಯ ಕೆಳಗೆ ಇಟ್ಟಳು.